ಫಿಯೆಟ್ಟಿನ ಹಿಂಬದಿಯ ಸದ್ದು

ಸತ್ಯಮಂಗಲದಲ್ಲಿ ಗಂಗಹನುಮಯ್ಯನ ವೆಲ್ಡಿಂಗ್ ಶೆಡ್ಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಟ್ರ್ಯಾಕ್ಟರ್ ಇಟ್ಟುಕೊಂಡವರೆಲ್ಲ ಅವನು ಹಾಕಿದ ಬೆಸುಗೆ ಬಿಡುವುದಿಲ್ಲ ಎನ್ನುತ್ತಿದ್ದರು. ಆ ಮಾತು ಬಂದಾಗ ಗಂಗಹನುಮಯ್ಯ ಕೇಳಿಸದವನ ಹಾಗೆ ಕಬ್ಬಿಣ ಉಜ್ಜುತ್ತಿದ್ದ. ಒಳಗೊಳಗೇ ಹಿಗ್ಗುತ್ತಿದ್ದ. ಇಡೀ ಆಯುಸ್ಸಿನಲ್ಲಿ ಸಂಪಾದಿಸಿದ್ದು ಅದೊಂದೇ ಹೆಸರು, ಅಷ್ಟಕ್ಕೂ ಹಿಗ್ಗಬಾರದು ಎಂದರೆ ಹೇಗೆ?

ಎಂಬತ್ಮೂರರ ಬೇಸಿಗೆಯಲ್ಲಿ ಅಳಿಯ ಅಂಜನಪ್ಪ ತನ್ನ ಫಿಯೆಟ್ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಅಳಿಯನೆಂದರೆ ಹೊರಗಿನವನಲ್ಲ. ನಿಟ್ಟೂರಿಗೆ ಕೊಟ್ಟಿದ್ದ ಅಕ್ಕನ ಮಗ, ಸೋದರಮಾವನ ಹೆಗಲ ಮೇಲೆ ಕೂತು ಬೆಳೆದವನು. ತೆಂಗಿನ ತೋಟ ನೋಡಿಕೊಂಡು ತೆಪ್ಪಗಿರಬೇಕಾದವನಿಗೆ ಕಾರ್ ರ‍್ಯಾಲಿಯ ಹುಚ್ಚು ಹತ್ತಿತ್ತು. ಒಮ್ಮೆ ಒಂದು ಕಪ್ಪು ಗೆದ್ದು ತಂದಮೇಲೆ ಆ ಹುಚ್ಚಿಗೆ ಮದ್ದೇ ಇರಲಿಲ್ಲ.

"ಮಾವ, ಹಿಂದ್ಗಡೆ ಬಾಡಿ ತಿರುಚ್ಕೋತಾ ಐತೆ. ನೋಡಿಲ್ಲಿ," ಎಂದು ಅಂಜನಪ್ಪ ಒಂದು ಹಿಂಚಕ್ರದ ಬಳಿ ಜಾಕ್ ಕೊಟ್ಟು ಎತ್ತಿದ. ಬಾಗಿಲು ತಳ್ಳಿದರೆ ಅದು ಚೌಕಟ್ಟಿಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಅವನಿಗೆ ಬೇಕಾದದ್ದು ಇಷ್ಟು: ಹಿಂದಿನ ಸೀಟು ಕಿತ್ತು, ಎರಡು ಚಕ್ರದ ಗೂಡುಗಳ ನಡುವೆ ಅಡ್ಡಲಾಗಿ ಒಂದು ಪೈಪು, ಅದರಿಂದ ನೆಲಕ್ಕೆ ಓರೆಯಾಗಿ ಎರಡು ಪೈಪು. ಕಾರಿನ ಬೆನ್ನು ಗಟ್ಟಿಯಾದರೆ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ವನಜ ಮಧ್ಯಾಹ್ನ ಊಟ ತಂದಳು. ಅವಳ ಗಂಡ ಅಂಜನಪ್ಪ ಕಾರು ಬಿಟ್ಟು ಆಗಲೇ ಊರಿಗೆ ಹೋಗಿದ್ದ. ಸೀಟಿಲ್ಲದ ಕಾರನ್ನು ನೋಡಿದವಳು ಕ್ಯಾರಿಯರ್ ಕೆಳಗಿಡುವುದನ್ನೂ ಮರೆತಳು.

"ಅಪ್ಪಾ, ಇದನ್ನ ಮಾಡ್ಬ್ಯಾಡ."

"ಮಾಡ್ದಿದ್ರೆ ಹಿಂಗೇ ಓಡಿಸ್ತಾನೆ ಕಣವ್ವಾ. ಎಲ್ಲಾದ್ರೂ ಬಾಡಿ ಸೀಳ್ಕೊಂಡ್ರೆ?"

"ನಾನು ಅದರಲ್ಲಿ ಕೂತಿದೀನಿ. ತಿರುವಲ್ಲಿ ಜೋರಾಗಿ ಹೋದ್ರೆ ಹಿಂದ್ಗಡೆ ಕಿರ‍್ರೋ ಅಂತ ಕಿರುಚ್ತದೆ. ಆಗ್ಲೇ ಅವ್ರು ಆಕ್ಸಿಲೇಟರಿಂದ ಕಾಲು ಎತ್ತೋದು. ನಾನು ಹೇಳಿದ್ರೆ ಕೇಳಲ್ಲ, ಅದು ಕಿರುಚಿದ್ರೆ ಕೇಳ್ತಾರೆ. ನೀನು ಅದರ ಬಾಯಿ ಮುಚ್ಚಿಸ್ಬುಟ್ರೆ ಇನ್ನು ಅವ್ರನ್ನ ನಿಲ್ಸೋರು ಯಾರು?"

ಗಂಗಹನುಮಯ್ಯ ಕ್ಯಾರಿಯರ್ ಬಿಚ್ಚಿ ಕೂತ. ಊಟ ರುಚಿಸಲಿಲ್ಲ. ಆದರೂ ಪೈಪು ಕತ್ತರಿಸಿದ. ಸಡಿಲ ಬಾಡಿಯ ಕಾರಿನಲ್ಲಿ ಅಕ್ಕನ ಮಗನನ್ನು ಕಳಿಸುವುದು ಅವನಿಂದಾಗುವ ಕೆಲಸವಲ್ಲ.

ಕೆಲಸ ಮುಗಿದ ಮೇಲೆ ಅಂಜನಪ್ಪ ಬಂದು ಮತ್ತೆ ಜಾಕ್ ಕೊಟ್ಟ. ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು. ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಬ್ಬಿ ರಸ್ತೆಯಲ್ಲಿ ಓಡಿಸಿದ. ತಿರುವಿನಲ್ಲಿ ಹಿಂಬದಿಯಿಂದ ಒಂದು ಉಸಿರೂ ಇಲ್ಲ. ಅಂಜನಪ್ಪ ನಗುತ್ತಾ ಇನ್ನಷ್ಟು ತುಳಿದ. ತನ್ನ ಕೈಕೆಲಸದ ಅಚ್ಚುಕಟ್ಟಿಗೆ ಗಂಗಹನುಮಯ್ಯ ಮೊದಲ ಸಲ ಹೆದರಿದ. ಮಗಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಬಣ್ಣ ಬಳೀಬೇಕು, ಇವತ್ತೊಂದಿನ ಬುಡಪ್ಪಾ," ಎಂದು ಕಾರನ್ನು ಇಟ್ಟುಕೊಂಡ. ಉಕ್ಕಿನ ಒಂದು ತೆಳು ಪಟ್ಟಿ ಕತ್ತರಿಸಿ, ಅಡ್ಡ ಪೈಪಿನ ಹಿಂದೆ ಕಣ್ಣಿಗೆ ಬೀಳದ ಹಾಗೆ ಒಂದು ತುದಿಯನ್ನು ಬೆಸೆದ. ಇನ್ನೊಂದು ತುದಿ ಸೀಟಿದ್ದ ಜಾಗದ ಹಿಂದಿನ ತಗಡಿಗೆ ತಾಗಿ ನಿಂತಿತು. ನಿಧಾನಕ್ಕೆ ಹೋದರೆ ಸುಮ್ಮನಿರುತ್ತದೆ, ಮಿತಿಮೀರಿ ತಿರುಗಿಸಿದರೆ ತಗಡು ನಡುಗಿ ಪಟ್ಟಿ ಕಿರುಚುತ್ತದೆ. ಕೆಲಸಕ್ಕೆ ಬೇಡದ ಒಂದು ಚೂರನ್ನೂ ಅವನು ಯಾವತ್ತೂ ಬೆಸೆದವನಲ್ಲ. ಬೆಸೆದ ಜಾಗದಲ್ಲಿ ಸದ್ದು ಬಂದರೆ ಜನ ಬೆಸೆದವನನ್ನೇ ಬೈಯುತ್ತಾರೆಂಬುದೂ ಅವನಿಗೆ ಗೊತ್ತಿತ್ತು. ಎಲ್ಲಕ್ಕೂ ಸೇರಿಸಿ ಕಪ್ಪು ಬಣ್ಣ ಬಳಿದ.

ರ‍್ಯಾಲಿ ಮುಗಿಸಿ ಬಂದ ಅಂಜನಪ್ಪ ಶೆಡ್ಡಿನಲ್ಲಿ ನಾಲ್ಕು ಜನರ ಎದುರಿಗೇ ಕೂಗಾಡಿದ.

"ಏನ್ ಕೆಲ್ಸ ಮಾವ ಇದು? ಹೊಸ ಪೈಪು ಹಾಕ್ಸಿದ್ರೂ ಅದೇ ಸದ್ದು! ಎಲ್ಲಿ ಬಿಟ್ಕೊಂಡ್ತೋ ಅಂತ ತಿರುವು ತಿರುವಲ್ಲೂ ಕಾಲು ಎತ್ತಿದೆ. ನನ್ ನಂಬರ್ ಹಿಂದ್ಲಿಂದ ಎಣಿಸಂಗಾಯ್ತು!"

"ವಯಸ್ಸಾಯ್ತಲ್ಲಪ್ಪಾ," ಎಂದ ಗಂಗಹನುಮಯ್ಯ. "ಕೈ ನಡುಗ್ತದೆ."

ಕೈ ನಡುಗುವ ಸುದ್ದಿ ಕಾರಿಗಿಂತ ಜೋರಾಗಿ ಓಡಿತು. ಟ್ರೈಲರಿನ ಕೆಲಸಕ್ಕೆಂದು ಯಾವತ್ತೂ ಬೇರೆ ಬಾಗಿಲು ತಟ್ಟದ ಚಿಕ್ಕಮಾರಯ್ಯ ಕೂಡ ಮುಖ ತಪ್ಪಿಸಿಕೊಂಡು ಎದುರು ಶೆಡ್ಡಿಗೆ ಹೋದ. ಆ ಮಧ್ಯಾಹ್ನ ಗಂಗಹನುಮಯ್ಯ ವೆಲ್ಡಿಂಗ್ ಹೋಲ್ಡರ್ ಹಿಡಿದು ತನ್ನ ಕೈಯನ್ನೇ ನೋಡುತ್ತಾ ಕೂತಿದ್ದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ, ಅದೇ ಅವನಿಗೆ ಹೆಚ್ಚು ಸಂಕಟವಾಗಿತ್ತು. ಹೆಣ್ಣುಮಗು ಹೆತ್ತು ಮಲಗಿದ್ದ ವನಜ, "ನಿನ್ ಬೆಸುಗೇಲಿ ಸದ್ದು ಅಂದ್ರೆ ನಾನು ನಂಬಲ್ಲಪ್ಪ," ಎಂದಾಗಲೂ ಮೊಮ್ಮಗಳ ತೊಟ್ಟಿಲು ತೂಗುತ್ತಾ ಗುಟ್ಟು ಬಿಟ್ಟುಕೊಡಲಿಲ್ಲ. ಅವಳಿಗೆ ಹೇಳಿದರೆ ಒಂದಲ್ಲ ಒಂದು ದಿನ ಗಂಡನ ಕಿವಿಗೆ ಬೀಳುತ್ತಿತ್ತು.

ಮರುವರ್ಷದ ರ‍್ಯಾಲಿಯ ದಾರಿ ಕುಣಿಗಲ್ ಕಡೆಯ ಮಣ್ಣುರಸ್ತೆಗಳಲ್ಲಿತ್ತು. ಅದು ಮುಗಿದ ಬೆಳಿಗ್ಗೆ ಫಿಯೆಟ್ ಶೆಡ್ಡಿನ ಮುಂದೆ ಬಂದು ನಿಂತಿತು. ಎಡಮಗ್ಗುಲು ಉದ್ದಕ್ಕೂ ಕೆರೆದುಹೋಗಿತ್ತು. ಅಂಜನಪ್ಪ ಇಳಿದ. ಅವನು ಜೇಬಿನಿಂದ ಸವೆದು ಮುರಿದ ಉಕ್ಕಿನ ಪಟ್ಟಿಯ ತುಂಡೊಂದನ್ನು ತೆಗೆದು ಬೆಂಚಿನ ಮೇಲಿಟ್ಟ.

"ನಿನ್ನೆ ಸದ್ದು ನಿಂತೋಯ್ತು ಮಾವ. ಸದ್ಯ ಪೀಡೆ ತೊಲಗ್ತು ಅಂತ ಕಾಲು ಎತ್ಲೇ ಇಲ್ಲ. ಒಂದು ಕೆರೆ ಏರಿ ಮೇಲೆ ತಿರುವಲ್ಲಿ ಕಾರು ಜಾರ್ತು. ತಡೆಗಲ್ಲು ಸಿಕ್ತು, ನಿಂತ್ಕೊಂಡ್ತು. ಕೆಳಗೆ ನೀರು." ಅಂಜನಪ್ಪ ಪಟ್ಟಿಯ ತುಂಡಿನತ್ತ ಕೈ ತೋರಿದ. "ಸದ್ದು ಯಾಕೆ ನಿಂತೋಯ್ತು ಅಂತ ಆಮೇಲೆ ಹುಡುಕ್ದೆ. ನಿಮ್ ಪೈಪಲ್ಲಿ ಒಂದು ಕೂದ್ಲೆಳೆ ಬಿರುಕಿಲ್ಲ. ಇದು ಬಿದ್ದಿತ್ತು."

ಗಂಗಹನುಮಯ್ಯ ಆ ತುಂಡನ್ನು ಕೈಗೆತ್ತಿಕೊಂಡ.

"ವರ್ಷವೆಲ್ಲಾ ಕಂಡೋರ ಮುಂದೆ ನಿಮ್ಮನ್ನ ಬೈಕೊಂಡು ತಿರುಗ್ದೆ. ಒಂದ್ ಮಾತು ಹೇಳ್ಬಾರ‍್ದಿತ್ತಾ?"

"ಹೇಳಿದ್ರೆ ನೀನು ಕಿತ್ತಾಕ್ತಿದ್ದೆ ಕಣಪ್ಪಾ."

ಅಂಜನಪ್ಪ ಹಿಂದಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದ.

"ಹೊಸಾದು ಹಾಕ್ಕೊಡಿ ಮಾವ. ಈ ಸಲ ವಸಿ ದಪ್ಪಗಿರ್ಲಿ."

ಗಂಗಹನುಮಯ್ಯ ಬೇಗನೆ ವೆಲ್ಡಿಂಗ್ ಮುಖವಾಡ ಎತ್ತಿಕೊಂಡು ಮುಖಕ್ಕೆ ಹಿಡಿದ. ಪಟ್ಟಿಯನ್ನು ಇನ್ನೂ ಕತ್ತರಿಸಿರಲಿಲ್ಲ, ಮೆಷಿನ್ ಕೂಡ ಹಾಕಿರಲಿಲ್ಲ. ಎತ್ತಿ ಆಡಿಸಿದ ಹುಡುಗನ ಎದುರಿಗೆ ಅಳುವುದು ಅವನಿಗೆ ಬೇಕಿರಲಿಲ್ಲ.