ಮೊನೆಯಿಲ್ಲದ ಕಟಕಟಿ

ಕಟ್... ಕಟ್... ಕಟ್.

ಬೀದಿಯೆಲ್ಲ ಮಲಗಿದ್ದ ಹೊತ್ತು. ಅಕ್ಕ ದಿಂಬಿನಿಂದ ತಲೆ ಎತ್ತಿ ಕಿವಿಗೊಟ್ಟಳು. ಬಾಗಿಲಿನ ಚಿಲಕವಲ್ಲ, ಇಲಿಯೂ ಅಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಸದ್ದು ಈ ಮನೆಯಲ್ಲಿ ಕೇಳಿದ್ದು ಇದೇ ಮೊದಲು.

"ಲೋ, ಅದನ್ನ ಮಡಚಿಡೋ!" ಎಂದು ಕೂಗಿದಳು.

"ಎಣ್ಣೆ ಬಿಡ್ತಿದೀನಿ ಕಣೇ," ಪಕ್ಕದ ಕೋಣೆಯಿಂದ ತಮ್ಮ ನಕ್ಕ. "ನಾಳೆ ಬಸ್ ಡಿಪೋದಲ್ಲಿ ತೋರಿಸಬೇಕು. ನಮ್ಮಪ್ಪ ಕಿವಿ ಕೊಯ್ದ ಕಟಕಟಿ ಇದು ಅಂದ್ರೆ ಒಬ್ಬನೂ ನಂಬಲ್ಲ."

"ತೋರಿಸೋದೂ ಬೇಡ, ಮೆರೆಯೋದೂ ಬೇಡ. ಅದು ಗುಜರಿಗೆ ಹೋಗುತ್ತೆ."

"ಹಾಕ್ತೀಯ, ಹಾಕ್ತೀಯ. ಅಪ್ಪನ ಗತ್ತೆಲ್ಲ ಅದರಲ್ಲೇ ಇರೋದು."

ಗತ್ತು! ಅಕ್ಕನಿಗೆ ನಿದ್ದೆ ಹಾರಿಹೋಯಿತು.

ಕಟಕಟಿ ಎಂದರೆ ಮರದ ಹಿಡಿಯ ಮಡಚುವ ಚಾಕು. ಬಿಚ್ಚುವಾಗ ಒಳಗಿನ ಹಲ್ಲುಗಳು ಒಂದೊಂದಾಗಿ ಸಿಕ್ಕಿ ಸದ್ದು ಮಾಡುವುದರಿಂದ ಆ ಹೆಸರು. ದವಸದ ಮಂಡಿಯ ಪುಂಡರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದದ್ದು ಅದನ್ನೇ. ಮರ್ಯಾದಸ್ಥರು ಆ ಸದ್ದು ಕೇಳಿದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅಪ್ಪನದು ಕುಶನ್ ಅಂಗಡಿ. ಹಳೆಯ ಸೋಫಾಗಳ ಹೊಲಿಗೆ ಬಿಚ್ಚಲು ಅವನು ಕಟಕಟಿ ಇಟ್ಟುಕೊಂಡಿದ್ದ. ಆದರೆ ಬೀದಿ ಹೇಳುತ್ತಿದ್ದ ಕಥೆಯೇ ಬೇರೆ: ಮೂಟೆ ಹೊರುವವರ ಮೇಸ್ತ್ರಿಯ ಕಿವಿ ಕೊಯ್ದವನು ಇವನೇ, ಚಾಕುವಿನ ಮೊನೆ ಎಲುಬಿನಲ್ಲೇ ಮುರಿದು ಉಳಿಯಿತಂತೆ. ಕಿವಿಯಲ್ಲಿ ಎಲುಬು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮೇಸ್ತ್ರಿಗೆ ಮುಕ್ಕುಕಿವಿಯಣ್ಣ ಎಂಬ ಹೆಸರು ಅಂಟಿತು. ಅಪ್ಪನನ್ನು ಕೇಳಿದರೆ, "ಹಳೇ ಮಾತು ಬಿಡು" ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸುತ್ತಿದ್ದ.

ಊಟವಾದ ಮೇಲೆ ಅಪ್ಪ ಅದೇ ಚಾಕುವಿನಲ್ಲಿ ಸೇಬು ಹೆಚ್ಚುತ್ತಿದ್ದ. ಮೊದಮೊದಲು ಹೋಳನ್ನು ಅಲಗಿನ ಮೇಲೇ ಇಟ್ಟು ಮಗಳತ್ತ ಚಾಚುತ್ತಿದ್ದ. ಶಾಲೆಯಲ್ಲಿ ಕಿವಿಯ ಕಥೆ ಕೇಳಿ ಬಂದ ದಿನ ಅವಳು ಹಿಂದೆ ಸರಿದಳು. ಅಪ್ಪ ಏನೂ ಅನ್ನಲಿಲ್ಲ. ಅಂದಿನಿಂದ ಅವಳ ಪಾಲು ತಟ್ಟೆಯಲ್ಲಿ ಬಂತು. ಆ ಕೈ ನಿಜಕ್ಕೂ ಒಬ್ಬ ಮನುಷ್ಯನನ್ನು ಕೊಯ್ದಿತ್ತೇ? ಅಮ್ಮನ ಹಿಂದೆ ಅಪ್ಪನೂ ಹೋದ ಮೇಲೆಯೂ ಅವಳು ಅವನನ್ನು ಪೂರ್ತಿ ಪ್ರೀತಿಯಿಂದ ನೆನೆಯಲಾಗದಂತೆ ಆ ಪ್ರಶ್ನೆ ಅಡ್ಡ ನಿಲ್ಲುತ್ತಿತ್ತು.

ಬೆಳಿಗ್ಗೆ ತಮ್ಮ ಏಳುವ ಮೊದಲೇ ಚಾಕು ತೆಗೆದುಕೊಂಡು ಅಂಗಡಿಗೆ ಹೊರಟಳು. ಅಂಗಡಿ ಖಾಲಿ ಮಾಡುವ ಕೆಲಸ ನಡೆದಿತ್ತು. ತುಕ್ಕು ಹಿಡಿದ ಸ್ಪ್ರಿಂಗು, ಮೊಳೆಗಳ ಬುಟ್ಟಿಗೆ ಅದನ್ನೂ ಹಾಕಿದಳು. ಗುಜರಿಯವನ ಗಾಡಿ ಇನ್ನೂ ಬಂದಿರಲಿಲ್ಲ. ಬಂದದ್ದು ರಿಪೇರಿಗೆ ಬಿಟ್ಟ ಕುರ್ಚಿ ಕೇಳಿಕೊಂಡು ಮುಕ್ಕುಕಿವಿಯಣ್ಣನ ಹೆಂಡತಿ.

ಅಕ್ಕ ಬುಟ್ಟಿಯನ್ನು ಕಾಲಿನಿಂದ ಒಳಕ್ಕೆ ತಳ್ಳುವಷ್ಟರಲ್ಲಿ ಮುದುಕಿ ಬಗ್ಗಿಯಾಗಿತ್ತು.

"ಅಯ್ಯೋ, ಪಾಪದ್ದು! ಇದನ್ಯಾಕಮ್ಮ ಇಲ್ಲಿ ಬಿಸಾಕಿದೀಯ?"

"ನಿಮ್ಮ ಕಣ್ಣಿಗೆ ಬೀಳಬಾರದಿತ್ತು ದೊಡ್ಡಮ್ಮ. ತಪ್ಪಾಯ್ತು."

"ನನ್ನ ಕಣ್ಣಿಗೇನಾಗಿದೆ? ನಮ್ಮ ಯಜಮಾನರ ಕಿವಿ ಕೊಯ್ದಿದ್ದು ನಾನು."

"ನೀವಾ?"

"ಕೂದಲು ಕತ್ತರಿಸ್ತಿದ್ದೆ ಕಣೇ. ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂತ ಬಡ್ಕೊಂಡೆ. ಅಷ್ಟರಲ್ಲಿ ಸೀನಿದ್ರು. ಕಚಕ್!" ಮುದುಕಿ ಕುರ್ಚಿಯಲ್ಲಿ ಕುಳಿತೇ ಬಿಟ್ಟಳು. "ಮೂಟೆ ಹೊರೋರ ಮೇಸ್ತ್ರಿ ಆದೋನು ಹೆಂಡತಿ ಕತ್ತರೀಲಿ ಕಿವಿ ಕೊಯ್ಸಿಕೊಂಡ ಅಂದ್ರೆ ಆಮೇಲೆ ಒಬ್ಬನಾದ್ರೂ ಅವರ ಮಾತು ಕೇಳ್ತಾನಾ? ರಕ್ತ ಸುರಿಸ್ಕೊಂಡೇ ನಿಮ್ಮ ಮನೆಗೆ ಓಡಿದ್ರು. ಬೀದೀಲಿ ಕಟಕಟಿ ಇದ್ದದ್ದು ನಿಮ್ಮಪ್ಪನ ಹತ್ರ ಮಾತ್ರ ನೋಡು. 'ತಮ್ಮಾ, ನಿನ್ನ ಹೆಸರು ಹೇಳ್ಕೊಳ್ಲಾ' ಅಂತ ಕೇಳಿದ್ರು."

"ಅಪ್ಪ ಹೂಂ ಅಂದ್ರಾ?"

"ನಿಮ್ಮಮ್ಮ ಆಗ ಗಿರಣೀಲಿ ಕೆಲಸಕ್ಕೆ ಹೋಗ್ತಿದ್ಲಲ್ಲ, ಕತ್ತಲಾದ ಮೇಲೆ ಬರೋಳು. ಗೋದಾಮಿನ ಸಂದೀಲಿ ಪೋಲಿಗಳ ಕಾಟ. 'ಹೇಳ್ಕೋ ಅಣ್ಣ, ನನ್ನ ಹೆಸರು ಸ್ವಲ್ಪ ಕೆಟ್ಟಿದ್ರೇ ಒಳ್ಳೇದು' ಅಂದ ನಿಮ್ಮಪ್ಪ. ಆಮೇಲೆ ಒಬ್ಬನಾದ್ರೂ ಅವಳ ಕಡೆ ಕತ್ತೆತ್ತಿ ನೋಡಿದ್ನಾ?"

"ಅಮ್ಮನಿಗೆ ಗೊತ್ತಿತ್ತಾ?"

"ಕಿವಿಗೆ ಬಟ್ಟೆ ಕಟ್ಟಿದ್ದೇ ಅವಳು! ನಗು ತಡೀಲಾರದೆ ಗಂಟು ಸಡಿಲ ಹಾಕಿದ್ಲು."

"ಮತ್ತೆ ಮೊನೆ?"

"ಅದನ್ನ ನಿಮ್ಮಪ್ಪ ಮೊದಲೇ ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದ. ಹೊಲಿಗೆ ಬಿಚ್ಚುವಾಗ ಒಳಗಿನ ಬಟ್ಟೆ ಹರೀಬಾರದು ಅಂತ. ಸೊಳ್ಳೆ ಹೊಡೆಯೋಕೂ ಹಿಂದೆಮುಂದೆ ನೋಡೋ ಮನುಷ್ಯ, ಅವನು ಕಿವಿ ಕೊಯ್ತಾನಾ?"

ಸಂಜೆಗಳಲ್ಲಿ ಅಮ್ಮ ಆ ಸಂದಿಯಿಂದ ಅವಸರವಿಲ್ಲದೆ, ಏನನ್ನೋ ಗುನುಗುತ್ತ ಬರುತ್ತಿದ್ದದ್ದು ಅಕ್ಕನಿಗೆ ನೆನಪಾಯಿತು. ಬಾಗಿಲಲ್ಲಿ ನಿಂತ ಅಪ್ಪ ಅವಳು ಕಂಡ ಕೂಡಲೇ ಒಳಗೆ ಹೋಗಿ, ಯಾರನ್ನೂ ಕಾಯದವನಂತೆ ಕೆಲಸಕ್ಕೆ ಕೂರುತ್ತಿದ್ದ. ಮಗಳು ಹಿಂದೆ ಸರಿದ ದಿನ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ, ತಟ್ಟೆ ತಂದ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಳಬೇಡ್ವೇ. ಬೇಕಾದ್ರೆ ಊರಿಗೆಲ್ಲ ಹೇಳು. ಈ ವಯಸ್ಸಲ್ಲಿ ಯಜಮಾನರು ಸ್ವಲ್ಪ ನಾಚ್ಕೊಳ್ಲಿ!" ಎಂದು ನಗುತ್ತ ಮುದುಕಿ ಕುರ್ಚಿ ಹೊರಿಸಿಕೊಂಡು ಹೋದಳು.

ಸಂಜೆ ತಮ್ಮ ಮುಖ ಊದಿಸಿಕೊಂಡು ಬಂದ. "ಗುಜರಿಗೆ ಹಾಕಿಬಿಟ್ಯಾ ಹಾಗಾದ್ರೆ?"

ಅಕ್ಕ ಕಟಕಟಿ ಬಿಚ್ಚಿದಳು. ಕಟ್, ಕಟ್, ಕಟ್. ಸೇಬು ಹೆಚ್ಚಿ, ಒಂದು ಹೋಳನ್ನು ಅಲಗಿನ ಮೇಲೇ ಇಟ್ಟು ಅವನತ್ತ ಚಾಚಿದಳು. ಇನ್ನೊಂದನ್ನು ಅಲಗಿನಿಂದಲೇ ತಾನು ಬಾಯಿಗೆ ಹಾಕಿಕೊಂಡಳು. ಬಾಯೆಲ್ಲ ಸಿಹಿಯಾಯಿತು, ಜೊತೆಗೆ ಒಂದಿಷ್ಟು ಕಬ್ಬಿಣದ ರುಚಿ.

"ಅಕ್ಕಾ, ನಿಂಗೆ ಆ ದಿನ ನೆನಪಿದ್ಯಾ? ಅಪ್ಪ ನಿಜವಾಗ್ಲೂ ಒಂದೇ ಏಟಿಗೆ..."

ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಅಪ್ಪ ತಾನೇ ಬಿಗಿದ ಹೊಲಿಗೆ ಅದು, ಕೊನೆಯವರೆಗೂ ಬಿಚ್ಚಿರಲಿಲ್ಲ. ತಮ್ಮನಿಗಾಗಲಿ ಬೀದಿಗಾಗಲಿ ತಾನೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದಳು.

"ಒಂದೇ ಏಟಿಗೆ ಕಣೋ," ಎಂದು ಇನ್ನೊಂದು ಹೋಳು ಹೆಚ್ಚಿದಳು.