ತುಟಿ ಪಿಟಕ್ಕೆನ್ನದ ಮನೆ

ಚೆನ್ನಮ್ಮ ಮೂರು ಹೆತ್ತವಳು. ಮೂರು ಹೆರಿಗೆಯಲ್ಲೂ ತುಟಿ ಪಿಟಕ್ಕೆಂದವಳಲ್ಲ. ಇದನ್ನು ಕೇಳದವರು ಹೊಸೂರು ಪಕ್ಕದ ಮೂಕಂಡಪಲ್ಲಿಯ ಅವರ ಬೀದಿಯಲ್ಲಿ ಯಾರಾದರೂ ಇದ್ದರೆ ಅವರು ನಿನ್ನೆಮೊನ್ನೆ ಬಾಡಿಗೆಗೆ ಬಂದವರೇ ಇರಬೇಕು. ಗಂಡ ಹನುಮಂತರಾಯಪ್ಪನಿಗಂತೂ ಅದನ್ನು ಯಾರಿಗಾದರೂ ಹೇಳದಿದ್ದರೆ ತಿಂದ ಮುದ್ದೆ ಅರಗುತ್ತಿರಲಿಲ್ಲ.

"ಮಾಲೂರು ತಾವ ನಮ್ಮೂರಾಗೆ, ಜಗಲಿ ಮ್ಯಾಲೆ ನಮ್ಮಪ್ಪ ನೆಂಟ್ರ ಜೊತೆ ಕುಂತವ್ನೆ. ಒಳಗೆ ಹೆರಿಗೆ ಆಗ್ತಾ ಐತೆ ಅಂತ ಒಬ್ರಿಗೂ ಗೊತ್ತಿಲ್ಲ. ಕೂಸು ಅತ್ತ ಮ್ಯಾಲೇ ಗೊತ್ತಾಗಿದ್ದು ಕಣ್ಲಾ!" ಎಂದು ಮೀಸೆ ತಿರುವುತ್ತಿದ್ದ. ನೋಡಿ, ಹೆತ್ತದ್ದು ಇವಳು, ಮೀಸೆ ತಿರುವಿದ್ದು ಅವನು.

ಈ ಮಾತು ಕೇಳಿ ಕೇಳಿ ಸೊಸೆ ಮೇಘಶ್ರೀ ಮನಸ್ಸಿನಲ್ಲೇ ಒಂದು ಹಟ ಕಟ್ಟಿಕೊಂಡಿದ್ದಳು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗಿ. ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯುವ ತವರಿಲ್ಲ. "ನಾನಿಲ್ವಾ? ನಿಂಗೆ ತವರೂ ನಾನೇ, ಅತ್ತೆಮನೆನೂ ನಾನೇ" ಎಂದು ಚೆನ್ನಮ್ಮ ಎದೆ ತಟ್ಟಿಕೊಂಡಿದ್ದಳು. ಪ್ರೀತಿಗೇನೂ ಕಡಿಮೆಯಿರಲಿಲ್ಲ, ಬಾಯಿಗೂ ಕಡಿಮೆಯಿರಲಿಲ್ಲ. ಒಮ್ಮೆ ಕುದಿಯುವ ಎಸರಿನ ಪಾತ್ರೆ ಕೈಗೆ ತಾಗಿ ಮೇಘಶ್ರೀ "ಅಮ್ಮಾ!" ಎಂದು ಚೀರಿದಾಗ, "ಇಷ್ಟಕ್ಕೇ ಹಿಂಗ್ ಬಡ್ಕೊಂಡ್ರೆ ಹೆರಿಗೆ ಹೊತ್ನಾಗೆ ಊರೇ ಎಬ್ಬಿಸ್ತೀಯಾ ಬುಡು" ಎಂದು ನಕ್ಕಿದ್ದಳು. ಹುಡುಗಿಯೂ ನಕ್ಕಿದ್ದಳು. ಆ ನಗುವಿನ ಹಿಂದೆ ಏನಿತ್ತೆಂದು ಅತ್ತೆಗೆ ತಿಳಿದದ್ದು ಹೊಸೂರಿನ ಆಸ್ಪತ್ರೆಯಲ್ಲಿ.

ಬೆಳಿಗ್ಗೆ ಆಟೋ ಇಳಿದವಳು ನಗುನಗುತ್ತಲೇ ಒಳಗೆ ನಡೆದಳು. ನರ್ಸ್ ಉಷಾರಾಣಿ ಮುಖ ನೋಡಿ, "ನೋವು ಇನ್ನೂ ಸರಿಯಾಗಿ ಬಂದಿಲ್ಲ, ಬೆಂಚ್ ಮೇಲೆ ಕೂತ್ಕೊಳಮ್ಮ" ಎಂದಳು. ಹಿಂದೆ ಬಂದವರು ಕೂಗಾಡಿದರು, ಒಳಗೆ ಹೋದರು. ಮೇಘಶ್ರೀ ಕೂತೇ ಇದ್ದಳು. ಬೆಂಚಿನ ಅಂಚು ಹಿಡಿದಿದ್ದ ಅವಳ ಬೆರಳುಗಳಲ್ಲಿ ರಕ್ತವೇ ಇಲ್ಲದ್ದನ್ನು ಕಂಡಳು ಚೆನ್ನಮ್ಮ. ಓಡಿಹೋಗಿ ನರ್ಸನ್ನು ಎಳೆದುಕೊಂಡೇ ಬಂದಳು. ಪರೀಕ್ಷಿಸಿದ ಉಷಾರಾಣಿ ಹಣೆ ಚಚ್ಚಿಕೊಂಡಳು.

"ಗರ್ಭದ ಬಾಯಿ ಮುಕ್ಕಾಲು ಪಾಲು ತೆರೆದುಹೋಗಿದೆ! ಇಷ್ಟು ಹೊತ್ತು ಸುಮ್ನೆ ಕೂತಿದ್ದಾ ಈ ಹುಡುಗಿ?"

ಜೊತೆಗೆ ಒಬ್ಬ ಹೆಂಗಸನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಚೆನ್ನಮ್ಮ ಸೆರಗು ಸಿಕ್ಕಿಸಿಕೊಂಡು ಹೋದಳು. ಗಂಡ, ಮಗ ರವಿಕುಮಾರ್ ಇಬ್ಬರೂ ಬಾಗಿಲ ಹೊರಗೆ ನಿಂತರು.

ಆರೋಗ್ಯ ಕೇಂದ್ರದಲ್ಲಿ ಇದೇ ಉಷಾರಾಣಿ ಬಸುರಿಯರಿಗೆ ಪಾಠ ಮಾಡಿದ್ದಳು. ನೋವು ಬಂದಾಗ ಒಲೆ ಊದುವ ಹಾಗೆ ಉಸಿರು ಹೊರಗೆ ಬಿಡಬೇಕು, ಮಲಗೇ ಇರದೆ ನಿಂತು ಸೊಂಟ ತೂಗಬೇಕು, ಜೊತೆಗಿದ್ದವರು ಅಂಗೈಯಿಂದ ಬೆನ್ನಿನ ಬುಡ ಒತ್ತಬೇಕು, ಬಿಸಿನೀರಿನ ಬಟ್ಟೆ ಇಡಬೇಕು, ಹೊಟ್ಟೆಯಿಂದ ದನಿ ತೆಗೆದು ನರಳಬೇಕು. ಅವತ್ತು ಚೆನ್ನಮ್ಮ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಹೆರುವುದಕ್ಕೂ ಪಾಠವೇ ಎಂದು. ಈಗ ನಗು ಎಲ್ಲಿ ಹೋಯಿತೋ! ಸೊಸೆಯನ್ನು ಕಿಟಕಿಯ ಸರಳು ಹಿಡಿಸಿ ನಿಲ್ಲಿಸಿದಳು. ಬೆನ್ನು ಒತ್ತಿದಳು, ಬಿಸಿ ಬಟ್ಟೆ ಹಿಂಡಿ ಇಟ್ಟಳು, ಗುಟುಕು ಗುಟುಕಾಗಿ ಜೀರಿಗೆ ನೀರು ಕುಡಿಸಿದಳು. ಎಲ್ಲಕ್ಕೂ ಹುಡುಗಿ ಒಗ್ಗಿದಳು, ಬಾಯಿ ತೆರೆಯುವುದೊಂದನ್ನು ಬಿಟ್ಟು. ನೋವು ಬಂದರೆ ಸಾಕು, ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಿದ್ದಳು. ಮುಖ ಕಪ್ಪಿಡುತ್ತಿತ್ತು.

"ಮೂಚ್ಚು ವಿಡುಮ್ಮಾ, ಉಸಿರು ಬಿಡು!" ಉಷಾರಾಣಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಹೊಟ್ಟೆಗೆ ಯಂತ್ರದ ಪಟ್ಟಿ ಕಟ್ಟಿದಳು. ಕೂಸಿನ ಎದೆಬಡಿತ ಕೋಣೆ ತುಂಬ ಟಕಟಕ ಓಡಿತು. ನೋವು ಬಂದಾಗ ಅದರ ಓಟ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಚೆನ್ನಮ್ಮ ಅಷ್ಟೂ ದೇವರನ್ನು ನೆನೆದಳು. ನೋವು ಇಳಿದ ಮೇಲೆ ಬಡಿತ ಮತ್ತೆ ಓಡಿತು.

ಡಾಕ್ಟರಮ್ಮ ಬಂದು ನೋಡಿದರು. "ಹೀಗೆ ಉಸಿರು ಕಟ್ಟಿದರೆ ಮಗುವಿಗೂ ಕಷ್ಟ. ಥಿಯೇಟರ್ ರೆಡಿ ಮಾಡಿಸ್ತೀನಿ. ಬಡಿತ ಬಿದ್ದು ಮೇಲೇಳದಿದ್ದರೆ ಕಾಯೋದಿಲ್ಲ" ಎಂದು ಹೇಳಿ ಹೋದರು.

ಆಪರೇಷನ್ನಾದರೂ ಸರಿ, ಏನಾದರೂ ಸರಿ, ಕೂಸು ಉಳಿದರೆ ಸಾಕಾಗಿತ್ತು ಚೆನ್ನಮ್ಮನಿಗೆ. ಅಷ್ಟರಲ್ಲಿ ಉಷಾರಾಣಿ ಅವಳನ್ನು ಮೂಲೆಗೆ ಕರೆದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಖ ನೋಡ್ಕೊಂಡೇ ಅವಳು ಬಾಯಿ ಬಿಡ್ತಿಲ್ಲ. ನೀವು ಹೊರಗಿರಿ."

ಕಪಾಳಕ್ಕೆ ಹೊಡೆದಂತಾಯಿತು. ಆದರೆ ಮಾತು ನಿಜವಾಗಿತ್ತು. ಚೆನ್ನಮ್ಮ ಬಾಗಿಲ ಕಡೆ ಹೆಜ್ಜೆ ಹಾಕಿದಳು. ಸೆರಗು ಹಿಂದಕ್ಕೆ ಜಗ್ಗಿತು. ಮೇಘಶ್ರೀ ಅದನ್ನು ಗಟ್ಟಿಯಾಗಿ ಹಿಡಿದಿದ್ದಳು. ಕಚ್ಚಿ ಕಚ್ಚಿ ಅವಳ ತುಟಿಯಿಂದ ರಕ್ತ ಒಸರಿತ್ತು.

"ಹೋಗ್ಬೇಡಿ ಅತ್ತೆ."

"ಹೋಗಲ್ಲ ಮಗಾ. ಕೂಗು, ಬಾಯಿ ಬುಟ್ಟು ಕೂಗು."

ಹುಡುಗಿ ತಲೆಯಾಡಿಸಿದಳು. "ಮಾವ ಆಚೆಗವ್ರೆ... ಕೇಳಿಸ್ತದೆ. ನಿಮ್ಮಂಗೆ ನಾನೂ..."

ನಿಮ್ಮಂಗೆ! ಚೆನ್ನಮ್ಮ ಸೊಸೆಯ ತುಟಿಯ ರಕ್ತ ಒರೆಸಿದಳು. ನನ್ನ ಹಾಗೆ ಅಂದರೆ ಹೇಗೆ ಅಂತ ಇವಳಿಗೇನು ಗೊತ್ತು? ಜಗಲಿಯ ಗಂಡಸರಿಗೆ ಕೇಳಿಸಬಾರದೆಂದು ಅಂದು ಚೆನ್ನಮ್ಮನ ಅತ್ತೆ ಅವಳ ಬಾಯಿಗೆ ಟವಲ್ ತುರುಕಿದ್ದಳು. ಕಚ್ಚಿದ ರಭಸಕ್ಕೆ ದವಡೆ ಊದಿ, ಎಷ್ಟೋ ದಿನ ಅನ್ನ ಅಗಿಯಲಾಗದೆ ಗಂಜಿ ಕುಡಿದಿದ್ದಳು. ಬಾಣಂತಿಯ ಪಥ್ಯ ಅಂದುಕೊಂಡರು ಎಲ್ಲರೂ. ಗಂಡ ಮೀಸೆ ತಿರುವಿದ. ತಾನೂ ಆ ಹೊಗಳಿಕೆಯನ್ನು ಒಡವೆಯ ಹಾಗೆ ಹಾಕಿಕೊಂಡು ಓಡಾಡಿದಳಲ್ಲ, ಥೂ! ಆಗ ಸತ್ತು ಹುಟ್ಟಿದಷ್ಟು ನೋವಾಗಿತ್ತು. ಒಂದು ಸಲ, ಒಂದೇ ಒಂದು ಸಲ ಕೂಗಬೇಕು ಅನ್ನಿಸಿತ್ತು.

ಮತ್ತೆ ನೋವು ಬಂತು. ಮೇಘಶ್ರೀಯ ಹಲ್ಲು ಕಚ್ಚಿಕೊಂಡವು. ಯಂತ್ರದ ಟಕಟಕ ಇಳಿಯಿತು, ಇಳಿಯುತ್ತಲೇ ಹೋಯಿತು. ಉಷಾರಾಣಿ ಬಾಗಿಲಿನತ್ತ ತಿರುಗಿ ಡಾಕ್ಟರನ್ನು ಕರೆದಳು.

ಆಗ ಚೆನ್ನಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡು, ಬಾಯಿ ತೆರೆದು, ತಾನೇ ಕೂಗಿದಳು.

"ಅಯ್ಯಯ್ಯೋ... ನಮ್ಮವ್ವಾ!"

ಮೊದಲ ದನಿ ಒಡಕಾಗಿ ಬಂತು. ಎರಡನೆಯದು ಎಲ್ಲಿತ್ತೋ, ಹೊಟ್ಟೆಯ ಆಳದಿಂದ ಎದ್ದು ಕೋಣೆ, ವಾರ್ಡು, ವರಾಂಡ ಎಲ್ಲ ತುಂಬಿತು. ಪಕ್ಕದ ಮಂಚದಲ್ಲಿ ಕಿರುಚುತ್ತಿದ್ದವಳೂ ಗಪ್ಪಾದಳು. ಮೇಘಶ್ರೀ ಕಣ್ಣು ಬಿಟ್ಟು ಅತ್ತೆಯನ್ನು ನೋಡಿದಳು. ಬೆರಗಿಗೇ ಅವಳ ಬಾಯಿ ತೆರೆಯಿತು. ಹಿಡಿದಿಟ್ಟ ಉಸಿರೆಲ್ಲ ಹೊರಗೆ ನುಗ್ಗಿತು.

"ಅಮ್ಮಾ... ಅಮ್ಮಾ!"

"ಹಾಂ, ಹಂಗೆ! ಕೂಗು ತಾಯಿ, ಕೂಗು!"

"ಗಂಟಲಿಂದ ಬೇಡ, ಕೆಳಗಿಂದ, ದಪ್ಪ ದನಿಯಲ್ಲಿ!" ಎಂದು ಉಷಾರಾಣಿ ಹೇಳಿಕೊಟ್ಟಳು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನರಳಿದರು. ಯಂತ್ರದ ಬಡಿತ ತಡವರಿಸಿ, ಮತ್ತೆ ಓಟ ಹಿಡಿಯಿತು. ಡಾಕ್ಟರಮ್ಮ ಬಂದು, ಕಿವಿಗೊಟ್ಟು, "ಇನ್ನು ಸ್ವಲ್ಪ ನೋಡೋಣ" ಎಂದು ಅಲ್ಲೇ ನಿಂತರು. ಅವರು ಕಾಯಬೇಕಾದದ್ದು ಹೆಚ್ಚೇನಲ್ಲ. ಮಗು ಕೆಳಗಿಳಿಯಿತು, ತಲೆ ಕಂಡಿತು, ಹೆಣ್ಣು ಕೂಸು ಉಷಾರಾಣಿಯ ಕೈಗೆ ಜಾರಿತು.

ಕೂಸು ಅಳಲಿಲ್ಲ.

ನೀಲಿಗಟ್ಟಿ, ತುಟಿ ಬಿಗಿದು ಸುಮ್ಮನಿತ್ತು. ಉಷಾರಾಣಿ ಬಟ್ಟೆಯಿಂದ ಅದರ ಬೆನ್ನು ಉಜ್ಜಿದಳು, ಡಾಕ್ಟರಮ್ಮ ಬಾಯಿ ಮೂಗು ಚೊಕ್ಕ ಮಾಡಿದರು. ಮೇಘಶ್ರೀ ಕತ್ತೆತ್ತಿ, "ಅತ್ತೆ, ಯಾಕೆ ಸುಮ್ಕೆ ಅದೆ?" ಎಂದಳು. ಚೆನ್ನಮ್ಮ ಕೂಸಿನ ಮೇಲೆ ಬಗ್ಗಿದಳು.

"ಕೂಗೇ!" ಎಂದು ಗದರಿದಳು ಅವಳು, ಅಳುತ್ತಾ. "ನೀನೂ ನಮ್ಮಂಗೆ ಆಗ್ಬೇಡ ಕಣೇ. ಕೂಗೇ ನನ್ನವ್ವ!"

ಕೂಸಿನ ಕಾಲು ಅಲ್ಲಾಡಿತು. ಮುಖ ಸಿಂಡರಿಸಿತು. ಆಮೇಲೆ ಅದು ಅತ್ತ ಅಳುವಿಗೆ ಉಷಾರಾಣಿ ಗಟ್ಟಿಯಾಗಿ ನಕ್ಕೇಬಿಟ್ಟಳು.

ತಾಯಿಯ ಎದೆಯ ಮೇಲೆ ಮಗು ಮಲಗಿದ್ದನ್ನು ನೋಡಿ ಚೆನ್ನಮ್ಮ ಹೊರಗೆ ಬಂದಳು. ರವಿಕುಮಾರ್ ವಿಷಯ ಕೇಳಿದ್ದೇ ಬಾಗಿಲಿನತ್ತ ಓಡಿದ. ಹನುಮಂತರಾಯಪ್ಪ ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದ.

"ಯಾರೇ ಅದು ಹಂಗೆ ಕೂಗ್ಕೊಂಡಿದ್ದು? ಎದೆ ಒಡ್ದೋಯ್ತು ನಂಗೆ. ಸೊಸೆನಾ?"

"ಆಮೇಲಿಂದು ಅವಳು. ಮೊದ್ಲು ಕೂಗಿದ್ದು ನಾನು."

"ನೀನಾ? ನಿಂಗೇನಾಗಿತ್ತು?"

ಚೆನ್ನಮ್ಮ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೂರು ಹೆತ್ತಾಗ ಕೂಗ್ದೆ ಒಳಗೇ ಇಟ್ಕೊಂಡಿದ್ನಲ್ಲ, ಅದು" ಎಂದಳು.

ಮೀಸೆಯ ಕಡೆ ಎತ್ತಿದ್ದ ಕೈಯನ್ನು ಹನುಮಂತರಾಯಪ್ಪ ಹಾಗೇ ಕೆಳಗಿಳಿಸಿದ.