ಇಂಚಿನ ಲೆಕ್ಕ

ಹೂವಿನ ಅಂಗಡಿಯ ಅಕ್ಕ ತಲೆ ಮೇಲೆ ಕೈಹೊತ್ತು ಕೂತಿದ್ದಳು. ತಂಪುಕೋಣೆಯ ಗೋಡೆಗೆಂದು ತರಿಸಿದ ಫೋಮ್ ಹಲಗೆಗಳನ್ನು ವಾಪಸ್ ಒಯ್ಯಲು ಲಾರಿ ಬಾಗಿಲಲ್ಲೇ ನಿಂತಿತ್ತು. ಹಲಗೆ ತನ್ನ ಮೂಲಕ ಎಷ್ಟು ಶಾಖ ಹಾಯಲು ಬಿಡುತ್ತದೆಂಬುದನ್ನು ಕಂಪನಿಯವರು ಬ್ರಿಟಿಷ್ ಅಳತೆಯಲ್ಲಿ 0.24 ಎಂದು ಬರೆದಿದ್ದರು. ಅಕ್ಕ ಅದನ್ನು 1.73ರಿಂದ ಗುಣಿಸಿದಾಗ ಮೆಟ್ರಿಕ್‌ನಲ್ಲಿ 0.415 ಬಂದಿತ್ತು. ಬೇಕಿದ್ದದ್ದು 0.04ಕ್ಕಿಂತ ಕಡಿಮೆ.

"ಇದಕ್ಕಿಂತ ಬರೀ ಗೋಡೇನೇ ವಾಸಿ ಕಣೇ. ಹೂವೆಲ್ಲ ಬಾಡಿಹೋಗುತ್ತೆ," ಎಂದಳು.

ಭೌತಶಾಸ್ತ್ರ ಕಲಿಸುವ ತಂಗಿ ಒಂದು ಅಂಗೈಯನ್ನು ಹಲಗೆಯ ಮೇಲೆ, ಇನ್ನೊಂದನ್ನು ಇಟ್ಟಿಗೆ ಗೋಡೆಯ ಮೇಲೆ ಇಟ್ಟಳು.

"ಗೋಡೆ ತಣ್ಣಗಿದೆ, ಹಲಗೆ ಬೆಚ್ಚಗಿದೆ. ಇದು ನನ್ನ ಕೈ ಶಾಖಾನ ಎಳ್ಕೊಳ್ತಾನೇ ಇಲ್ಲ ಅಕ್ಕಾ. ನಿನ್ನ ಲೆಕ್ಕ ಎಲ್ಲೋ ಎಡವಿದೆ."

ಆಮೇಲೆ ಹಲಗೆಗೆ ಅಂಟಿಸಿದ್ದ ಚೀಟಿಯ ಮೇಲೆ ಬಗ್ಗಿದಳು. "ನೋಡು, ವಿಸ್ತೀರ್ಣ ಚದರಡಿಯಲ್ಲಿದೆ, ದಪ್ಪ ಮಾತ್ರ ಇಂಚಲ್ಲಿ. ನೀನು ಗುಣಿಸಿದ್ದು ದಪ್ಪಾನೂ ಅಡಿಯಲ್ಲಿದ್ದರೆ ಹಾಕೋ ಸಂಖ್ಯೆ. ಹನ್ನೆರಡರಿಂದ ಭಾಗಿಸು."

ಅಕ್ಕ ಭಾಗಿಸಿದಳು. 0.035 ಬಂತು.

ತಾನೇ ಹೇನು ಹೆಕ್ಕಿ ಜಡೆ ಹೆಣೆದ ತಲೆಯೊಳಗೆ ಇಷ್ಟೆಲ್ಲ ಇದೆಯೇ ಎಂದು ಅವಳು ತಂಗಿಯನ್ನೇ ನೋಡುತ್ತ ನಿಂತಳು.

"ನಿನ್ನ ಅಂಗೈಗೂ ಲೆಕ್ಕ ಬರುತ್ತಲ್ಲೇ."

"ಹೊಗಳಿದ್ದು ಸಾಕು, ಲಾರಿಯವರು ಕಾಯ್ತಿದಾರೆ."

ಅಕ್ಕ ಹೊರಗೆ ಹೋಗಿ ಲಾರಿಯನ್ನು ಖಾಲಿಯೇ ಕಳಿಸಿಬಿಟ್ಟಳು.